ಮೊದಲು ನೀರು, ಆಮೇಲೆ ರೋಬೋಟ್

ನಾನು ಸಿಟ್ಟಿನ ಮನುಷ್ಯನಲ್ಲ ಎಂದು ಇಷ್ಟು ವರ್ಷ ಹೇಳಿಕೊಳ್ಳುತ್ತ ಬಂದೆ. ಈ ತಿಂಗಳು ಅದು ಸುಳ್ಳಾಯಿತು. ಅದೂ, ಬೈದರೆ ಬೈಸಿಕೊಂಡದ್ದೇ ತಿಳಿಯದ ಒಂದು ಯಂತ್ರದ ದೆಸೆಯಿಂದ.

ಗಡಿಯೂರು ಜಹೀರಾಬಾದಿನಲ್ಲಿ ನಾನು ಕೆಲಸ ಮಾಡುವ ಟ್ರ್ಯಾಕ್ಟರ್ ಷೋರೂಮಿನ ಬಾಗಿಲಲ್ಲಿ ಈಗ ರೋಬೋಟ್ ನಿಂತಿದೆ. ಎದೆಮಟ್ಟದ ಎತ್ತರ, ನೀಲಿ ಕಣ್ಣು, ಹೆಣ್ಣುದನಿ. ಯಾರು ಬಂದರೂ ಗಾಲಿಯ ಮೇಲೆ ಎದುರಿಗೆ ಸರಿದು, ತೆಲುಗು, ಉರ್ದು ಆದಮೇಲೆ ಕನ್ನಡದಲ್ಲಿ, "ತಾವು ಯಾವ ಕಾರ್ಯನಿಮಿತ್ತ ಬಂದಿದ್ದೀರಿ?" ಎನ್ನುತ್ತದೆ. ಆ ಕನ್ನಡ ನನ್ನದೇ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಮ್ಯಾನೇಜರು "ನೀನೇ ಬರಿ" ಎಂದಾಗ ಹಿಗ್ಗಿ, ಆ ಮಾತಿಗೆ ಇಸ್ತ್ರಿ ಹಾಕಿ ಕೊಟ್ಟಿದ್ದೆ.

ನಮ್ಮ ಕಡೆ ಬಂದವರನ್ನು ಹಾಗೆ ಕೇಳುವುದಿಲ್ಲ. ಮೊದಲು ನೀರು, ಆಮೇಲೆ ಮಾತು. ಜಗಳಕ್ಕೆ ಬಂದವನಿಗೂ ನೀರು ಕೊಟ್ಟೇ ಜಗಳ ಶುರು. ಹಿಂದಿನವರು ಅರ್ಘ್ಯ, ಪಾದ್ಯ ಎಂದು ಕೈಗೂ ಕಾಲಿಗೂ ನೀರು ಕೊಟ್ಟ ಮೇಲೇ ಕುಶಲ ಕೇಳುತ್ತಿದ್ದರೆಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದವನು ನಾನು. ಎಲ್ಲ ಉತ್ತರಪತ್ರಿಕೆಯಲ್ಲೇ ಉಳಿಯಿತು.

ಷೋರೂಮಿನಲ್ಲಿ ನೀರು ಕೊಡುವವಳು ಕಾಶಮ್ಮ. ನಮ್ಮೂರು ರಾಯಿಕೋಡಿನಿಂದ ನಾನು ಸಂದರ್ಶನಕ್ಕೆ ಬಂದ ದಿನ ಫೈಲು ಎದೆಗವಚಿ, ನಾಲಿಗೆ ಒಣಗಿ ನಿಂತಿದ್ದೆ. ಆಕೆ ಏನೂ ಕೇಳಲಿಲ್ಲ. "ಕುಂದ್ರು ತಮ್ಮಾ, ಮೊದಲ ನೀರು ಕುಡಿ. ಸಾಹೇಬ್ರು ಎಲ್ಲಿ ಓಡಿ ಹೋಗ್ತಾರ?" ಎಂದಳು. ನನ್ನ ಡಿಗ್ರಿಗೆ ದನಿ ಬಂದದ್ದು ಆ ಗ್ಲಾಸಿನಿಂದ.

ಹೋದ ವಾರ ಮ್ಯಾನೇಜರು ಕರೆದು, "ರೋಬೋಟ್ ಛಲೋ ನಡದದ ಅಂತ ರಿಪೋರ್ಟ್ ಬರಿ. ಮುಂದಿನ ತಿಂಗಳಿಂದ ಕಾಶಮ್ಮ ಬ್ಯಾಡ" ಎಂದರು.

"ನೀರು ಯಾರು ಕೊಡ್ತಾರ್ರಿ?"

"ಮೂಲ್ಯಾಗ ಫಿಲ್ಟರ್ ಅದ. ಬೇಕಾದವ್ರು ಹಿಡಕೊಂಡು ಕುಡೀತಾರ."

ನನಗೆ ಮೈ ಉರಿದದ್ದು ಅಲ್ಲಿ. ಮನೆಗೆ ಬಂದವರಿಗೆ ಬಾವಿಯ ದಾರಿ ತೋರಿಸುವವರನ್ನು ನಾವು ಏನೆಂದು ಕರೆಯುತ್ತೇವೋ, ಅದನ್ನು ಇಲ್ಲಿ ಬರೆಯಲಾರೆ.

ನಿನ್ನೆ ನಾರಾಯಣಖೇಡದಿಂದ ಒಬ್ಬ ಹಿರಿಯರು ಕ್ಲಚ್ಚಿನ ದೂರು ಹೊತ್ತು ಬಂದರು. ರೋಬೋಟ್ ತನ್ನ ಪ್ರಶ್ನೆ ಕೇಳಿತು. ಅವರು ಕೂತು ಟವೆಲಿನಿಂದ ಮುಖ ಒರೆಸಿಕೊಂಡರು. ಅದು ಮತ್ತೆ ಕೇಳಿತು, ಮತ್ತೆ ಕೇಳಿತು.

ನಾನು ಓಡಿಹೋಗಿ, "ಕಾಕಾ, ಏನಾರ ಹೇಳ್ರಿ. ಅದು ಕಾಯ್ತದ" ಎಂದೆ.

"ಕಾಯ್ಲಿ ಬಿಡು. ಒಂದು ಗುಟುಕು ನೀರು ಕೊಟ್ಟಿಲ್ಲ, ಆಗ್ಲೇ ಪಂಚಾಯ್ತಿಗಿ ನಿಂತಾಳ ಈ ಪೋರಿ. ಇಕಿಗಿ ಕಲಿಸಿದವ್ರು ಯಾರೂ ಇಲ್ಲೇನು?"

ಕಲಿಸಿದವನು ನೆಲದ ಟೈಲ್ಸು ನೋಡುತ್ತ ನಿಂತೆ. ಅಷ್ಟರಲ್ಲಿ ಕಾಶಮ್ಮ ನೀರು ತಂದಳು. ಅವರು ಗಟಗಟ ಕುಡಿದು, ಕ್ಲಚ್ಚಿನ ಕಥೆಯನ್ನೆಲ್ಲ ಅವಳಿಗೇ ಹೇಳಿದರು. ರೋಬೋಟ್ ನಡುವೆ ಬಾಯಿ ಹಾಕಿದಾಗ ಕಾಶಮ್ಮ, "ತಡಿಯವ್ವ, ನಿನ್ನ ಪಾಳಿ ಬರ್ತದ" ಎಂದಳು.

ರಾತ್ರಿಯ ತನಕ ಕಾಯದೆ ಆಗಲೇ ರಿಪೋರ್ಟ್ ಬರೆದೆ. ರೋಬೋಟ್ ಚೆನ್ನಾಗಿದೆ. ಆದರೆ ಬಂದವರು ನೀರು ಕುಡಿಯುವ ಮುಂಚೆ ಅದು ಮಾತಾಡಕೂಡದು. ನೀರು ಕಾಶಮ್ಮನೇ ಕೊಡಬೇಕು. ರೋಬೋಟಿಗೆ ತಪ್ಪು ಕಲಿಸಿದವನು ನಾನು. ಕೆಳಗೆ ಹೆಸರಿನ ಪಕ್ಕ ಬಿ.ಎ. ಎಂದು ದಪ್ಪಕ್ಷರದಲ್ಲಿ ಬರೆದು ರುಜು ಹಾಕಿದೆ.

ಈಗ ಮ್ಯಾನೇಜರು ಒಳಗೆ ಕರೆದಿದ್ದಾರೆ. ಹೊರಗಿನಿಂದಲೇ ಅವರ ಏರುದನಿ ಕೇಳುತ್ತಿದೆ. ಕಾಶಮ್ಮನಿಂದ ಒಂದು ಗ್ಲಾಸು ನೀರು ಇಸಿದುಕೊಂಡು ಹೊರಟಿದ್ದೇನೆ. ಮೊದಲು ಅವರು ಕುಡಿಯಲಿ. ಜಗಳ ಆಮೇಲೆ.