ಹೆದ್ದಾರಿಗೆ ನಾನು ಬರೆದ ಪ್ರಶಂಸಾಪತ್ರ

ಮೊನ್ನೆ ಟಪಾಲಿನಲ್ಲಿ ಒಂದು ಹೊಳೆಯುವ ಕಾರ್ಡು ಬಂತು. ನಾನೀಗ ಇರುವ ಆಸ್ಟಿನ್ ನಡುವೆ ಹಾದುಹೋಗುವ ಹೆದ್ದಾರಿಯನ್ನು ಇನ್ನಷ್ಟು ಅಗಲ ಮಾಡುತ್ತಾರಂತೆ, ಸಾರ್ವಜನಿಕ ಸಭೆಗೆ ಬನ್ನಿ ಅಂತ. ಮೇಲೊಂದು ಚಿತ್ರ: ಗದ್ದೆಯಷ್ಟು ಅಗಲದ ರಸ್ತೆ, ಅದರ ಮೇಲೆ ಮೂರೇ ಮೂರು ಕಾರು, ಇನ್ನೂ ನೆಡದೆಯೇ ಬೆಳೆದು ನಿಂತ ಮರಗಳು, ನೆರಳಲ್ಲಿ ನಗುತ್ತ ಸೈಕಲ್ ಹೊಡೆಯುವ ಹೆಂಗಸು. ಟೆಕ್ಸಾಸಿನ ಆಗಸ್ಟ್ ಬಿಸಿಲಲ್ಲಿ ಹೆದ್ದಾರಿ ಪಕ್ಕ ನಗುತ್ತ ಸೈಕಲ್ ಹೊಡೆಯುವವರನ್ನು ನಾನಂತೂ ಕಂಡಿಲ್ಲ. ನೀವು ಕಂಡರೆ ಮೊದಲು ಅವರಿಗೆ ನೀರು ಕೊಡಿ.

ನಗುತ್ತಿದ್ದ ಹಾಗೇ ಹ್ಯೂಸ್ಟನ್ನಿನ ಸುಮಿತ್ರಾ ಆಂಟಿ ನೆನಪಾದರು. ನಗು ಅಲ್ಲಿಗೆ ನಿಂತಿತು.

ಆಂಟಿ ಧಾರವಾಡದವರು. ಗಂಡ ತೀರಿಕೊಂಡ ಮೇಲೂ ಹೆದ್ದಾರಿ ಪಕ್ಕದ ಹಳೇ ಮನೆ ಬಿಟ್ಟಿರಲಿಲ್ಲ. ಕರ್ನಾಟಕದಿಂದ ಎಂ.ಎಸ್. ಓದಲು ಬಂದಿಳಿದವರಿಗೆಲ್ಲ, ರೂಮು ಸಿಗುವ ತನಕ, ಅವರ ಹಾಲ್‌ನಲ್ಲಿ ಹಾಸಿಗೆ. ನಾನೂ ಬಿಜಾಪುರದ ಇಮ್ತಿಯಾಜನೂ ಒಂದು ವಾರಕ್ಕೆಂದು ಹೋಗಿ ಎರಡು ವರ್ಷ ಉಳಿದೆವು. ಒಳಗೆ ಆಂಟಿ ರೊಟ್ಟಿ ಬಡಿಯುವ ಸದ್ದು, ಹೊರಗೆ ಲಾರಿಗಳ ಸದ್ದು. "ಯಾವುದು ಜೋರ್ ಐತ್ರಿ ಆಂಟಿ?" ಎಂದು ಇಮ್ತಿಯಾಜ್ ಕೆಣಕಿದರೆ, "ನಿನ್ನ ಬಾಯಿ ಜೋರ್ ಐತಿ. ಸುಮ್ನ ತಿನ್ನು" ಎನ್ನುವರು.

ಆ ಹೆದ್ದಾರಿಯ ಪುರಾಣವನ್ನು ಆಂಟಿಗೆ ಹೇಳಿದ್ದು ಪಕ್ಕದ ಮನೆಯ ಅಜ್ಜಿ. ಅಜ್ಜಿ ಚಿಕ್ಕವಳಿದ್ದಾಗ ಅಲ್ಲಿದ್ದದ್ದು ಬರೀ ಒಂದು ಬೀದಿ. ನಕಾಶೆಯವರು ಸ್ಕೇಲು ಇಟ್ಟು ಗೆರೆ ಎಳೆದರು. ಉಳ್ಳವರ ಬಡಾವಣೆ ಹತ್ತಿರ ಬಂದಾಗ ಗೆರೆ ಹೊಸ ಸೊಸೆಯ ಹಾಗೆ ನಾಚಿ ಬಾಗಿತು. ಇವರ ಬೀದಿಗೆ ಬಂದಾಗ ನೆಟ್ಟಗಾಯಿತು. ಎದುರು ಮನೆಯ ಗೆಳತಿಯನ್ನು ನೋಡಲು ಅಜ್ಜಿ ಆಮೇಲೆ ಬಸ್ಸು ಹತ್ತಬೇಕಾಯಿತಂತೆ. ಅಷ್ಟು ನುಂಗಿದರೂ ರಸ್ತೆಗೆ ಹೊಟ್ಟೆ ತುಂಬಲಿಲ್ಲ. ಕಾರು ಹೆಚ್ಚಿದವೆಂದು ಲೇನ್ ಹೆಚ್ಚಿಸಿದರು, ಲೇನ್ ಹೆಚ್ಚಿದವೆಂದು ಇನ್ನಷ್ಟು ಕಾರು ಬಂದವು. ಮದುವೆ ಮನೆಯಲ್ಲಿ ಇನ್ನೊಂದು ಪಂಕ್ತಿ ಹಾಕಿಸಿ ನೋಡಿ, ಹೊರಗೆ ಹರಟೆ ಹೊಡೆಯುತ್ತಿದ್ದವರೂ ಬಂದು ಕೂರುತ್ತಾರೆ. ನಮ್ಮ ಮೈಸೂರಿನ ಅಡುಗೆ ಭಟ್ಟರಿಗೆ ತಿಳಿದ ಈ ಸತ್ಯ ಟ್ರಾಫಿಕ್ ಪಂಡಿತರಿಗೆ ತಿಳಿಯಲಿಲ್ಲ. ನಾನು ಅಲ್ಲಿ ಓದುತ್ತಿದ್ದದ್ದೂ ಅದೇ ಪಾಂಡಿತ್ಯವನ್ನೇ ಅನ್ನಿ.

ಕೊನೆಗೆ ಆಂಟಿಯ ಮನೆಯ ಸರದಿ ಬಂತು. ಒಂದು ಶಾಲೆಯ ಊಟದ ಹಾಲ್‌ನಲ್ಲಿ ಸಭೆ. ಉದ್ದುದ್ದ ಮೇಜಿನ ಮೇಲೆ ಸೀರೆ ಹರಡಿದ ಹಾಗೆ ನಕಾಶೆ. ಆಂಟಿ ಕನ್ನಡಕ ಏರಿಸಿ ಹುಡುಕಿದರು. ಅವರ ಮನೆ ಇದ್ದಲ್ಲಿ ಒಂದು ಹಳದಿ ಪಟ್ಟೆ. "ಇಲ್ಲಿ ನನ್ನ ಅಡಿಗಿಮನಿ ಐತಲ್ಲ" ಎಂದು ಬೆರಳಿಟ್ಟರು. ಅಧಿಕಾರಿ ಆ ಬೆರಳಿನ ಪಕ್ಕದಲ್ಲೇ ತನ್ನ ಬೆರಳಿಟ್ಟು, ಮಳೆನೀರು ಹರಿದುಹೋಗುವ ವ್ಯವಸ್ಥೆ ಎಷ್ಟು ಸೊಗಸಾಗಿದೆ ಎಂದು ವಿವರಿಸಿದ. ಅವನಷ್ಟು ವಿನಯವಂತನನ್ನು ನಾನು ಕಂಡಿಲ್ಲ.

ಹೊರಡುವಾಗ ಎಲ್ಲರಿಗೂ ಒಂದು ಚೀಟಿ ಕೊಟ್ಟರು, ಅಭಿಪ್ರಾಯ ಬರೆಯಿರಿ ಅಂತ. ಇಮ್ತಿಯಾಜ್ ಗೋಡೆಗೊರಗಿ ಹಿಂದೆ ಮುಂದೆ ತುಂಬಿಸಿ ಬೈದು ಬರೆದ. ನಾನು? ಅನ್ನ ಬೇಯದಿದ್ದರೂ "ಊಟ ತುಂಬಾ ಚೆನ್ನಾಗಿತ್ತು" ಎಂದು ಹೇಳಿ ಏಳುವ ಮನೆತನದವನು ನಾನು. ಯಾವುದೇ ಟ್ರೇನಿಂಗ್ ಮುಗಿದರೂ ಐದಕ್ಕೆ ಐದು ಕೊಟ್ಟು ಅಭ್ಯಾಸ. ಆ ಸಭೆ ಹೇಗೆ ನಡೆಯಿತೆಂದು ಕೇಳುತ್ತಿದ್ದಾರೆ ಅಂದುಕೊಂಡೆ. ಅವರ ಬಿಸ್ಕತ್ತು ತಿಂದಿದ್ದೆ, ಕಾಫಿ ಕುಡಿದಿದ್ದೆ. "ಅತ್ಯುತ್ತಮ ವಿವರಣೆ, ಅಂದವಾದ ನಕಾಶೆಗಳು, ಧನ್ಯವಾದ" ಎಂದು ದುಂಡಗೆ ಬರೆದು ಡಬ್ಬಿಗೆ ಹಾಕಿದೆ.

ಕೆಲವು ತಿಂಗಳಾದ ಮೇಲೆ ದಪ್ಪ ವರದಿ ಬಂತು. ಇಮ್ತಿಯಾಜ್ ಲ್ಯಾಬಿನಲ್ಲಿ ನನ್ನ ಹೆಗಲು ತಟ್ಟಿದ. "ಯೋಜನೆಗೆ ಬೆಂಬಲ ಅನ್ನೋ ಪಟ್ಟಿಯೊಳಗ ನಿನ್ನ ಹೆಸರೈತಲ್ಲೋ! ಯಾರ ಅನ್ನ ತಿಂತೀಯೋ ನೀನು?" ಮೂರು ದಿನ ಅವನು ನನ್ನೊಂದಿಗೆ ಮಾತಾಡಲಿಲ್ಲ. ಆಂಟಿಗೂ ಹೇಳಲಿಲ್ಲ, ಪುಣ್ಯಾತ್ಮ.

ಆಂಟಿ ಡಲ್ಲಾಸಿಗೆ, ತಂಗಿ ಮನೆ ಹತ್ತಿರಕ್ಕೆ ಶಿಫ್ಟ್ ಆದರು. ಸಾಮಾನು ಹೊತ್ತವನು ನಾನೇ. "ಎಷ್ಟ್ ಒಳ್ಳೇ ಹುಡುಗ" ಎಂದು ಆಂಟಿ ಎಲ್ಲರೆದುರು ಹೇಳುವಾಗ ಬೆನ್ನ ಮೇಲಿದ್ದ ಬೀರುವೇ ಹಗುರ ಅನಿಸಿತು. ರಸ್ತೆ ಅಗಲವಾಯಿತು. ಎರಡೇ ವರ್ಷಕ್ಕೆ ಮತ್ತೆ ಅದೇ ಜಾಮು.

ಕಾರ್ಡು ಬಂದ ಸಂಜೆ ಆಂಟಿಗೆ ಫೋನ್ ಮಾಡಿ, ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ. ಆಂಟಿ ನಕ್ಕರು.

"ನೀ ಬ್ಯಾಡಂತ ಬರದಿದ್ರ ರಸ್ತಾ ನಿಲ್ತಿತ್ತೇನೋ ತಮ್ಮಾ? ಅಷ್ಟ್ ದೊಡ್ಡ ಮನಷ್ಯಾ ಏನು ನೀ?"

"ಇಲ್ಲ ಆಂಟಿ."

"ಮತ್ತ?" ನಗು ನಿಂತಿತು. "ಆದ್ರೂ ಬರೀಬೇಕಾಗಿತ್ತು."

ಫೋನ್ ಇಟ್ಟರು. ಊಟ ಆಯ್ತೇನು ಎಂದು ಕೇಳದೆ ಅವರು ಇಟ್ಟದ್ದು ಅದೇ ಮೊದಲು.

ನಿನ್ನೆ ಸಭೆಗೆ ಹೋದೆ. ನಿಲ್ಲುತ್ತದೆಂಬ ಭ್ರಮೆಯೇನೂ ಇರಲಿಲ್ಲ; ಇಂಥವರು ಜನರನ್ನು ಕೇಳುವುದೇ ತೀರ್ಮಾನ ಆದ ಮೇಲೆ. ಮೈಕಿನ ಮುಂದೆ ತಲಾ ಮೂರು ನಿಮಿಷ. ನನ್ನ ಸರದಿ ಬಂದಾಗ ಅಧಿಕಾರಿಣಿ ಮುಗುಳ್ನಕ್ಕು, ಬಂದದ್ದಕ್ಕೆ ಥ್ಯಾಂಕ್ಯೂ ಎಂದರು. ನನ್ನ ನಾಲಿಗೆ ತಾನಾಗಿಯೇ ಥ್ಯಾಂಕ್ಯೂ ಎನ್ನಲು ಹೊರಟಿತು. ಹಲ್ಲು ಕಚ್ಚಿ ಹಿಡಿದೆ.

"ಬೇಡ" ಎಂದೆ, ಕನ್ನಡದಲ್ಲೇ. ಪಕ್ಕದಲ್ಲಿ ಎಲ್ಲರ ಮಾತು ಬರೆದುಕೊಳ್ಳುತ್ತಿದ್ದ ಹುಡುಗಿ ತಲೆಯೆತ್ತಿದಳು. ಇನ್ನೂ ಎರಡೂ ಮುಕ್ಕಾಲು ನಿಮಿಷ ಬಾಕಿಯಿತ್ತು. ಇಂಗ್ಲಿಷಿನಲ್ಲಿ ಬಿಡಿಸಿ ಹೇಳತೊಡಗಿದೆ.