ವಿಡಿಯೊ ಕೆಳಗಿನ ಬಿಳಿ ಪಟ್ಟಿ

"ವಿಡಿಯೊದ ಕೆಳಗ ಈ ಬಿಳಿ ಪಟ್ಟಿ ಯಾಕ್ರಿ? ಸೀರಿ ಕೆಳಗ ಲಂಗ ಇಣುಕಿದಂಗ ಕಾಣ್ತೈತಿ!"

ಒಣದ್ರಾಕ್ಷಿ ಅಂಗಡಿಯ ಶಾಂತಕ್ಕ ಮೂರನೇ ಸಲ ಕೇಳಿದಾಗ ನಾನು ಲ್ಯಾಪ್‌ಟಾಪಿನಲ್ಲಿ ಕೋಡನ್ನು ಮತ್ತೆ ಮೊದಲಿಂದ ಓದತೊಡಗಿದೆ. ಬಬಲೇಶ್ವರದಲ್ಲಿ ಅವರ ಹೊಸ ಅಂಗಡಿ ಮರುದಿನವೇ ಶುರುವಾಗುವುದಿತ್ತು. ಅದರ ವೆಬ್‌ಪುಟ ಮಾಡಿಕೊಡುತ್ತೇನೆಂದು ಒಪ್ಪಿದವಳು ನಾನು. ವಿಡಿಯೊ ಸುತ್ತ ಖಾಲಿ ಬಿಡುವ ಅಂಚುಗಳ ಅಳತೆಯನ್ನೆಲ್ಲ ಸೊನ್ನೆ ಮಾಡಿದ್ದೆ. ವಿಡಿಯೊ ಚೌಕಟ್ಟಿನ ಕೆಳಗಿನ ಆ ಪಟ್ಟಿ ಮಾತ್ರ ಏನು ಮಾಡಿದರೂ ಜಗ್ಗಲಿಲ್ಲ.

ಹೊರಗೆ ಅಂಗಡಿಯ ಬೋರ್ಡ್ ಬರೆಯುತ್ತಿದ್ದ ಪೇಂಟರ್ ಕಾಕಾ ನೀರು ಕುಡಿಯಲು ಒಳಗೆ ಬಂದವರು, ನನ್ನ ಲ್ಯಾಪ್‌ಟಾಪಿಗೆ ಬಗ್ಗಿ ನೋಡಿ ನಕ್ಕರು.

"ಒತ್ತಕ್ಷರಕ್ಕ ಜಾಗಾ ಬಿಟ್ಟೈತಿ ನೋಡ್ರಿ. ನಿಮ್ಮ ಮಷೀನು ವಿಡಿಯೊನೂ ಒಂದು ಅಕ್ಷರ ಅಂತ ತಿಳಕೊಂಡೈತಿ. ನಾನೂ ಪ್ರತಿ ಸಾಲಿನ ಕೆಳಗ ಹಿಂಗ ಬಿಡ್ತೇನ್ರಿ."

ನಕ್ಕು ಸುಮ್ಮನಾಗುವವಳಿದ್ದೆ. ಆದರೂ ಮನಸ್ಸು ತಡೆಯದೆ, ವಿಡಿಯೊ ಅಕ್ಷರಗಳ ಸಾಲಿಗೆ ಸೇರಿದ್ದಲ್ಲ, ತನ್ನಷ್ಟಕ್ಕೆ ನಿಲ್ಲುವ ಬೇರೆಯೇ ಒಂದು ಚೌಕ, ಅಂದರೆ ‘ಬ್ಲಾಕ್’ ಎಂದು ಕೋಡಿನಲ್ಲಿ ಬರೆದೆ. ಪಟ್ಟಿ ಮಾಯ! ಶಾಂತಕ್ಕ ಖುಷಿಯಿಂದ ನಮ್ಮಿಬ್ಬರ ಬೊಗಸೆಗೂ ದ್ರಾಕ್ಷಿ ಸುರಿದರು.

ಹೊರಡುವಾಗ ತಲೆಯೆತ್ತಿ ಬೋರ್ಡ್ ನೋಡಿದೆ. ಬೆಳಗಿನಿಂದ ನಾನು ಬೈಯುತ್ತಿದ್ದಂಥದೇ ಖಾಲಿ ಜಾಗದಲ್ಲಿ ‘ಬಬಲೇಶ್ವರ’ದ ಒತ್ತು ಹಸಿ ಬಣ್ಣದಲ್ಲಿ ಆರಾಮಾಗಿ ಕೂತಿತ್ತು.