ನಾನು ಕೊಡದ ಹತ್ತು ಗುಳಿಗೆಗಳು

ಕೆಲವೇ ವರ್ಷಗಳ ಹಿಂದಿನ ಮಾತು. ಕೇಶ್ವಾಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಮುಖ್ಯ ಫಾರ್ಮಸಿಸ್ಟ್. ನಿವೃತ್ತಿಗೆ ಎರಡು ವರ್ಷ ಬಾಕಿ. ಬಾಯಿ ಜೋರು ಎಂಬ ಹೆಸರು ಅಷ್ಟರೊಳಗೇ ಬಂದಿತ್ತು, ಸುಳ್ಳೇನಲ್ಲ.

ಒಂದು ಬೆಳಿಗ್ಗೆ, ದುರ್ಗದಬೈಲಿನಲ್ಲಿ ಬಳೆ ಅಂಗಡಿ ಇಟ್ಟಿದ್ದ ಮೆಹಬೂಬ್‌ಬಿ ಚೀಟಿ ತಂದರು. ಮೂತ್ರದ ಸೋಂಕಿಗೆ ನಮ್ಮ ಡಾಕ್ಟರು ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಬರೆದಿದ್ದರು: ಐದು ದಿನಕ್ಕೆ ಹತ್ತು ಗುಳಿಗೆ. ಕಪಾಟಿಗೆ ಹೋದ ಕೈ ಅಲ್ಲೇ ನಿಂತಿತು. ಕೀಲುವಾತಕ್ಕೆಂದು ಬೇರೆ ಡಾಕ್ಟರು ಬರೆದ ಮೆಥೊಟ್ರೆಕ್ಸೇಟನ್ನು ಇವರು ಒಯ್ಯುತ್ತಿದ್ದುದೂ ನಮ್ಮಿಂದಲೇ. ವಾರಕ್ಕೊಮ್ಮೆ, ಶುಕ್ರವಾರ ಮಾತ್ರ ನುಂಗುವ ಔಷಧ ಅದು.

"ಅದನ್ನ ಈ ಡಾಕ್ಟರಿಗೆ ಹೇಳೀರೇನ್ರಿ?"

"ಇಲ್ರಿ ಅಕ್ಕಾರ. ಅವರ ಚೀಟಿ ಇವರಿಗೆ ತೋರಿಸಿದ್ರ ಇವರಿಗೆ ಅಪಮಾನ ಆಗಂಗಿಲ್ಲೇನ್ರಿ?"

ನಮ್ಮೂರಿನ ಮರ್ಯಾದೆ ಇದು. ಇಂಥ ಮರ್ಯಾದೆಗಿಷ್ಟು ಬೆಂಕಿ ಹಚ್ಚಬೇಕು.

ಒಂದು ಔಷಧ ಇನ್ನೊಂದರ ಜೊತೆ ಸೇರಿದರೆ ಏನಾಗುತ್ತದೆಂದು ತಿಳಿಸುವ ಆನ್‌ಲೈನ್ ಡೇಟಾಬೇಸ್ ತೆರೆದೆ. ಎರಡೂ ಹೆಸರು ಹಾಕಿದೊಡನೆ ಕೆಂಪು ಎಚ್ಚರಿಕೆ ಬಂತು: ಒಟ್ಟಿಗೆ ಕೊಡಬೇಡಿ, ರಕ್ತಕಣ ತಯಾರಿಸುವ ಮಜ್ಜೆ ಕುಸಿಯಬಹುದು, ಜೀವಕ್ಕೇ ಅಪಾಯ. ಇನ್ನೊಂದು ತಾಣವೂ ಅದನ್ನೇ ಹೇಳಿತು. ಚೀಟಿ ಬರೆದ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದೆ. ಅವರು ಮ್ಯಾನೇಜರನ್ನೂ ಕರೆದುಕೊಂಡು ಕೌಂಟರಿಗೇ ಬಂದರು.

"ನೆಟ್ ನೋಡಿ ಡಾಕ್ಟರ್ ಆಗಾಕತ್ತೀರೇನು? ನನ್ನ ಮೊಬೈಲ್‌ನ್ಯಾಗೂ ನೋಡೇನಿ, ಏನೂ ಬರಂಗಿಲ್ಲ."

ಡಾಕ್ಟರು ಮೊಬೈಲನ್ನು ನನ್ನತ್ತ ತಿರುಗಿಸಿದರು. ಹುಡುಕಿದ್ದು ಬ್ರ್ಯಾಂಡ್ ಹೆಸರಿನಿಂದ. ಇಲ್ಲಿನ ಕಂಪನಿ ಇಟ್ಟ ಹೆಸರು ಹೊರದೇಶದ ತಾಣಕ್ಕೆ ಹೇಗೆ ಗೊತ್ತಿರಬೇಕು?

"ಔಷಧದ ಮೂಲ ಹೆಸರು ಹಾಕಿ ನೋಡ್ರಿ ಸರ್," ಎಂದೆ.

"ಮೊದಲ ಗುಳಿಗಿ ಕೊಡ್ರಿ ಮೇಡಂ," ಎಂದರು ಮ್ಯಾನೇಜರು. "ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡ್ರಿ. ನಾ ಕೊಡಂಗಿಲ್ಲ."

ಡಾಕ್ಟರು ನಿಂತಲ್ಲೇ ಮತ್ತೆ ಹುಡುಕಿದರು, ಎರಡು ಸಲ ಓದಿದರು. ಚೀಟಿ ಹರಿದು, ಬೇರೆ ಔಷಧ ಬರೆದುಕೊಟ್ಟು ಹೊರಟುಹೋದರು. ಮೆಹಬೂಬ್‌ಬಿ ವಾರದಲ್ಲಿ ಗುಣವಾಗಿ ಅಂಗಡಿ ತೆರೆದರು.

ನನಗೆ ಮಾತ್ರ ಮರುದಿನವೇ ಮೆಮೊ ಬಂದಿತ್ತು: ರೋಗಿಗಳ ಎದುರು ವೈದ್ಯರಿಗೆ ಅವಿಧೇಯತೆ. ಡೇಟಾಬೇಸನ್ನು ಯಾರು ಬೇಕಾದರೂ ತೆರೆಯಬಹುದು. ಓದಿದ್ದಕ್ಕೆ ಅಂಟಿಕೊಂಡು ಕೌಂಟರಿನಲ್ಲಿ ನಿಲ್ಲುವುದೇ ಫಾರ್ಮಸಿಸ್ಟರ ಕೆಲಸ ಎಂದು ಆ ಕೆಲಸವೇ ನನಗೆ ಕಲಿಸಿತು. ಮೆಮೊಗೆ ಸಹಿ ಹಾಕಿದೆ. ಸಹಿಯ ಕೆಳಗೆ ಬರೆದೆ: "ಇಂಥ ಚೀಟಿ ಮತ್ತೆ ಬಂದರೆ ಆಗಲೂ ಗುಳಿಗೆ ಕೊಡುವುದಿಲ್ಲ."